ಭೂಸ್ಥಿರ ಸಂಪರ್ಕ ಉಪಗ್ರಹ ಮತ್ತು ಒಣಬೇಸಾಯದ ರೈತ

ಬಾದಾಮಿಯಿಂದ ಗುಳೇದಗುಡ್ಡ, ಅಮೀನಗಡ, ಹುನಗುಂದದ ಮೇಲೆ ಇಳಕಲ್ಲಿಗೆ ಹೋಗುವಾಗ ಯಾವ ಊರನ್ನು ನೋಡಿದರೂ ಮಣ್ಣಿನ ಮಾಳಿಗೆಯ ಮೇಲೆ, ತಗಡಿನ ಛಾವಣಿಯ ಮೇಲೆ ತಟ್ಟೆಯಾಕಾರದ ಆಂಟೆನಾಗಳು ಕಾಣುತ್ತವೆ. ಒಂದು ಸಂಗತಿಯನ್ನು ಮಾತ್ರ ಬಹಳ ಜನ ಗಮನಿಸಿರುವುದಿಲ್ಲ. ಒಬ್ಬರ ಮನೆಯ ಬಾಗಿಲು ಮೂಡಲಿಗೆ, ಇನ್ನೊಬ್ಬರದು ಬಡಗಲಿಗೆ ಇದ್ದರೂ ಈ ತಟ್ಟೆಗಳ ಮುಖ ಮಾತ್ರ ಹೆಚ್ಚುಕಡಿಮೆ ಒಂದೇ ಕಡೆಗೆ, ಮೂಡಲು ಮತ್ತು ತೆಂಕಲು ದಿಕ್ಕುಗಳ ನಡುವಿನ ಮೂಲೆಗೆ ಇರುತ್ತದೆ. ಹಗಲಾಗಲಿ ರಾತ್ರಿಯಾಗಲಿ ಅವುಗಳನ್ನು ತಿರುಗಿಸುವವರಿಲ್ಲ. ಸೂರ್ಯ, ಚಂದ್ರ, ನಕ್ಷತ್ರಗಳೆಲ್ಲ ಮೂಡಿ ಮುಳುಗುತ್ತಿರುವಾಗ ಈ ತಟ್ಟೆಗಳು ನೋಡುತ್ತಿರುವ ವಸ್ತು ಒಂದೇ ಕಡೆ ನಿಂತಿದೆ ಎಂದಾಯಿತು. ಅದು ಏನು? ಹೇಗೆ ನಿಂತಿದೆ? ಅದರಿಂದ ರೈತನಿಗೆ ಸಿಗುವುದೇನು, ಸಿಗದೇ ಇರುವುದೇನು? ಈ ಪ್ರಶ್ನೆಗಳಿಗೆ ಉತ್ತರ ತಿಳಿದಿದ್ದರೆ ತಟ್ಟೆಯ ಉಪಯೋಗವನ್ನು ಸರಿಯಾಗಿ ಪಡೆಯಬಹುದು.

ನಿಂತಂತೆ ಕಾಣುವುದೇಕೆ?

ಭೂಮಿಯನ್ನು ಸುತ್ತುವ ವಸ್ತು ಭೂಮಿಯಿಂದ ದೂರವಾದಷ್ಟೂ ಒಂದು ಸುತ್ತಿಗೆ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ಸುಮಾರು ಒಂದೂವರೆ ಗಂಟೆಗೆ ಒಂದು ಸುತ್ತು ಮುಗಿಸುತ್ತದೆ. ಸುಮಾರು 3,84,000 ಕಿ.ಮೀ. ದೂರದಲ್ಲಿರುವ ಚಂದ್ರನಿಗೆ 27 ದಿನಕ್ಕೂ ಹೆಚ್ಚು ಬೇಕು. ಹಾಗಾದರೆ ಇವೆರಡರ ನಡುವೆ ಎಲ್ಲೋ ಒಂದು ಕಡೆ ಸರಿಯಾಗಿ ಒಂದು ದಿನಕ್ಕೆ ಒಂದು ಸುತ್ತು ಬರುವ ಎತ್ತರ ಇರಲೇಬೇಕು. ಆ ಎತ್ತರ 35,786 ಕಿ.ಮೀ. ಬಾಗಲಕೋಟೆಯಿಂದ ಬೆಂಗಳೂರಿಗೆ ಇರುವ ದಾರಿಯನ್ನು ಎಪ್ಪತ್ತಕ್ಕೂ ಹೆಚ್ಚು ಸಲ ಒಂದರ ಮೇಲೊಂದು ನಿಲ್ಲಿಸಿದರೆ ಅಷ್ಟು ಎತ್ತರವಾಗುತ್ತದೆ. ಅಲ್ಲಿ ಉಪಗ್ರಹವು ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅದು ನಿಂತಿಲ್ಲ, ನಿಂತಂತೆ ಕಾಣುತ್ತದೆ ಅಷ್ಟೆ.

ಕಣದಲ್ಲಿ ಹಂತಿ ಹೊಡೆದವರಿಗೆ ಇದು ತಿಳಿಯದ ವಿಷಯವಲ್ಲ. ಮೇಟಿಯ ಹತ್ತಿರ ಕಟ್ಟಿದ ಎತ್ತು ನಿಧಾನವಾಗಿ ಹೆಜ್ಜೆ ಹಾಕುತ್ತದೆ. ಸಾಲಿನ ಹೊರತುದಿಯ ಎತ್ತು ಬಿರುಸಾಗಿ ನಡೆಯಬೇಕು. ಆದರೂ ಸಾಲು ಮುರಿಯುವುದಿಲ್ಲ. ಒಳಗಿನ ಎತ್ತಿನ ಬೆನ್ನ ಮೇಲೆ ಕುಳಿತ ಕಾಗೆಗೆ ಹೊರಗಿನ ಎತ್ತು ಯಾವಾಗಲೂ ತನ್ನ ಪಕ್ಕದಲ್ಲೇ ನಿಂತಂತೆ ತೋರುತ್ತದೆ. ಭೂಮಿಯ ಮೇಲಿನ ಊರು ಒಳಗಿನ ಎತ್ತಾದರೆ ಉಪಗ್ರಹ ಹೊರತುದಿಯ ಎತ್ತು. ಇಂಥ ಉಪಗ್ರಹವನ್ನು ಭೂಸ್ಥಿರ ಉಪಗ್ರಹ ಎನ್ನುತ್ತಾರೆ. ಅದು ಭೂಮಧ್ಯರೇಖೆಯ ನೇರಕ್ಕೇ ಇರಬೇಕು. ಆಚೀಚೆ ಓರೆಯಾದರೆ ದಿನಕ್ಕೊಮ್ಮೆ ಬಡಗಲಿಗೂ ತೆಂಕಲಿಗೂ ತೂಗಾಡುತ್ತದೆ. ಬಾಗಲಕೋಟೆ ಪ್ರದೇಶವು ಭೂಮಧ್ಯರೇಖೆಯಿಂದ ಸುಮಾರು 16 ಡಿಗ್ರಿ ಬಡಗಲಿಗಿದೆ. ಆದ್ದರಿಂದ ಇಲ್ಲಿನ ಯಾವ ತಟ್ಟೆಯೂ ಬಡಗಲಿಗೆ ಮುಖ ಮಾಡುವುದಿಲ್ಲ.

ಈ ಎತ್ತರದಲ್ಲಿ ಉಪಗ್ರಹವನ್ನಿಟ್ಟು ಜಗತ್ತಿಗೆಲ್ಲ ಸುದ್ದಿ ಮುಟ್ಟಿಸಬಹುದೆಂದು ಆರ್ಥರ್ ಸಿ. ಕ್ಲಾರ್ಕ್ ಎಂಬ ಲೇಖಕ 1945ರಲ್ಲಿಯೇ ಬರೆದಿದ್ದರು. ವ್ಯಾಪಾರಕ್ಕಾಗಿ ದುಡಿದ ಮೊದಲ ಭೂಸ್ಥಿರ ಉಪಗ್ರಹ, ‘ಅರ್ಲಿ ಬರ್ಡ್’, ಏಪ್ರಿಲ್ 1965ರಲ್ಲಿ ಮೇಲೇರಿತು.

ಉಪಗ್ರಹ ಮಾಡುವ ಕೆಲಸ

ಸಂಪರ್ಕ ಉಪಗ್ರಹವು ತಾನಾಗಿ ಏನನ್ನೂ ಹೇಳುವುದಿಲ್ಲ. ನೆಲದ ಕೇಂದ್ರದಿಂದ ಬಂದ ರೇಡಿಯೋ ಅಲೆಗಳನ್ನು ಹಿಡಿದು, ಅವುಗಳ ಕಂಪನಾಂಕವನ್ನು ಬದಲಾಯಿಸಿ, ಬಲಪಡಿಸಿ, ಮತ್ತೆ ಕೆಳಗೆ ಕಳಿಸುತ್ತದೆ. ಕಂಪನಾಂಕವನ್ನು ಬದಲಾಯಿಸಲು ಕಾರಣವಿದೆ. ಗಟ್ಟಿಯಾಗಿ ಕೂಗುತ್ತಿರುವವನಿಗೆ ಇನ್ನೊಬ್ಬರ ಪಿಸುಮಾತು ಕೇಳಿಸದು. ಕಳಿಸುವ ದನಿಯೂ ಕೇಳುವ ದನಿಯೂ ಒಂದೇ ಆದರೆ ಉಪಗ್ರಹದ ಗತಿಯೂ ಹಾಗೆಯೇ. ಈ ಕೆಲಸ ಮಾಡುವ ಸಾಧನಕ್ಕೆ ಟ್ರಾನ್ಸ್‌ಪಾಂಡರ್ ಎಂದು ಹೆಸರು. ಒಂದು ಉಪಗ್ರಹದಲ್ಲಿ ಇಂಥವು ಹಲವಾರು ಇರುತ್ತವೆ. ಮಾತು ನೆಲದಿಂದ ಮೇಲೆ ಹೋಗಿ ಮತ್ತೆ ಕೆಳಗೆ ಬರಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ.

ಇಷ್ಟು ದೂರದಿಂದ ಬರುವ ಸಂಕೇತ ಬಹಳ ಕ್ಷೀಣ. ತಟ್ಟೆಯ ಕೆಲಸವೆಂದರೆ ಅದನ್ನು ಕೂಡಿಸುವುದು. ಹೊಲದ ಮೇಲೆ ಹರಿದ ನೀರೆಲ್ಲ ತಗ್ಗಿನ ಕೃಷಿಹೊಂಡಕ್ಕೆ ಸೇರುವ ಹಾಗೆ, ತಟ್ಟೆಯ ಮೇಲೆ ಬಿದ್ದ ಅಲೆಗಳೆಲ್ಲ ಅದರ ಮುಂದಿನ ಸಣ್ಣ ಕೊಂಬಿಗೆ ಸೇರುತ್ತವೆ. ನೀರು ಬರುವ ಜಾಗ ದೊಡ್ಡದಾದಷ್ಟೂ ಹೊಂಡದಲ್ಲಿ ನೀರು ಹೆಚ್ಚು. ತಟ್ಟೆ ದೊಡ್ಡದಾದಷ್ಟೂ ಸಂಕೇತ ಗಟ್ಟಿ.

1975ರ ಪ್ರಯೋಗ

ಈ ವಿಷಯ ಬಾಗಲಕೋಟೆ ಸೀಮೆಗೆ ಹೊಸದಲ್ಲ. ಮನೆಮನೆಗೆ ತಟ್ಟೆ ಬರುವುದಕ್ಕೆ ಬಹಳ ಮೊದಲೇ, 1975ರಲ್ಲಿ, ಇದೇ ಭಾಗದ ಜಿಲ್ಲೆಗೆ ಉಪಗ್ರಹದ ಟೆಲಿವಿಷನ್ ಬಂದು ಹೋಗಿದೆ. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಬಿಜಾಪುರ ಜಿಲ್ಲೆಯಲ್ಲಿದ್ದವು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ವಿಕ್ರಮ್ ಸಾರಾಭಾಯಿ ಅವರ ಮುಂದಾಳುತನದಲ್ಲಿ 1969ರಲ್ಲಿ ಭಾರತವು ಅಮೆರಿಕದ ನಾಸಾ ಸಂಸ್ಥೆಯೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಅದರಂತೆ ಎ.ಟಿ.ಎಸ್.-6 ಎಂಬ ಅಮೆರಿಕದ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತದ ಹಳ್ಳಿಗಳಿಗೆ ಕಾರ್ಯಕ್ರಮ ಬಿತ್ತರಿಸಲು ಎರವಲು ಕೊಡಲಾಯಿತು. ಈ ಪ್ರಯೋಗವನ್ನು ‘ಸೈಟ್’ ಎಂದು ಕರೆದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇದು ನಡೆಯಿತು. ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ ಮತ್ತು ರಾಜಸ್ಥಾನ ಹೀಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದರಲ್ಲಿ ಸೇರಿದ್ದವು.

ಆರಿಸಿದ ಹಳ್ಳಿಗೆ ಒಂದೊಂದು ಸಾರ್ವಜನಿಕ ಟೆಲಿವಿಷನ್ ಪೆಟ್ಟಿಗೆ ಮತ್ತು ಸುಮಾರು 3 ಮೀಟರ್ ಅಗಲದ ಒಂದು ಆಂಟೆನಾ ಕೊಡಲಾಯಿತು. ಪೆಟ್ಟಿಗೆಗಳನ್ನು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸಿತ್ತು. ಆಂಟೆನಾ ಗಟ್ಟಿ ತಗಡಿನದಾಗಿರದೆ ಕೋಳಿಗೂಡಿಗೆ ಹಾಕುವಂಥ ತಂತಿಬಲೆಯದಾಗಿತ್ತು. ಬಲೆಯ ಕಣ್ಣಿನಿಂದ ಅಲೆಗಳು ಸೋರಿಹೋಗುವುದಿಲ್ಲವೇ ಎಂದು ಕೇಳಬಹುದು. ಆ ಅಲೆಗಳ ಉದ್ದ ಸುಮಾರು 35 ಸೆಂಟಿಮೀಟರ್. ಸಾಣಿಗೆಯ ಕಣ್ಣಿಗಿಂತ ದಪ್ಪನಾದ ಕಾಳು ಹೇಗೆ ಕೆಳಗೆ ಬೀಳುವುದಿಲ್ಲವೋ ಹಾಗೆಯೇ ಅಷ್ಟು ಉದ್ದದ ಅಲೆ ಸಣ್ಣ ಕಣ್ಣಿನ ಬಲೆಯನ್ನು ದಾಟುವುದಿಲ್ಲ. ಇದರಿಂದ ಖರ್ಚು ಕಡಿಮೆಯಾಯಿತು, ಗಾಳಿಯ ಹೊಡೆತವೂ ಕಡಿಮೆಯಾಯಿತು.

ಉಪಗ್ರಹ ಆಗ 35 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಆಫ್ರಿಕಾದ ಕೆನ್ಯಾ ದೇಶದ ನೆತ್ತಿಯ ಮೇಲಿತ್ತು. ಬಾಗಲಕೋಟೆ ಸೀಮೆಯಿಂದ ಲೆಕ್ಕ ಹಾಕಿದರೆ ಅದು ಪಡುವಲಿನಿಂದ ತುಸು ತೆಂಕಲಿಗೆ, ನೆಲದಿಂದ 40 ಡಿಗ್ರಿ ಮೇಲಕ್ಕೆ ಬರುತ್ತದೆ. ಇಂದಿನ ತಟ್ಟೆಗಳು ಮೂಡಲ ಕಡೆಗೆ ವಾಲಿವೆ. ಆ ಕಾಲದ ಬಲೆಗಳು ಸೂರ್ಯ ಇಳಿಯುವ ಕಡೆಗೆ ನೋಡುತ್ತಿದ್ದವು.

ಕಾರ್ಯಕ್ರಮಗಳು ದಿನಕ್ಕೆ ನಾಲ್ಕು ಗಂಟೆ ಇರುತ್ತಿದ್ದವು. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮುಂತಾದ ವಿಷಯಗಳು ಹಿಂದಿ, ಒಡಿಯಾ, ತೆಲುಗು ಮತ್ತು ಕನ್ನಡ ಭಾಷೆಗಳಲ್ಲಿ ಬಂದವು. ಒಂದೇ ಚಿತ್ರದ ಜೊತೆಗೆ ಎರಡು ಭಾಷೆಯ ಮಾತನ್ನು ಒಟ್ಟಿಗೆ ಕಳಿಸುವ ಅನುಕೂಲವೂ ಇತ್ತು.

ಒಂದು ವರ್ಷದ ನಂತರ

ಒಪ್ಪಂದದ ಅವಧಿ ಮುಗಿದ ಕೂಡಲೇ ಉಪಗ್ರಹವನ್ನು ಅಮೆರಿಕದ ಕಡೆಗೆ ಹಿಂದಕ್ಕೆ ಸರಿಸಿಕೊಳ್ಳಲಾಯಿತು. ಪೆಟ್ಟಿಗೆ ಊರಲ್ಲೇ ಇತ್ತು, ಬಲೆಯೂ ಇತ್ತು, ನೋಡುವ ಜನರೂ ಇದ್ದರು. ಆಕಾಶದಲ್ಲಿ ಕಳಿಸುವವರು ಮಾತ್ರ ಇರಲಿಲ್ಲ. ಎರವಲು ಎತ್ತಿನಿಂದ ಬಿತ್ತನೆ ಮಾಡಬಹುದು, ಆದರೆ ಎಡೆ ಹೊಡೆಯುವ ಹೊತ್ತಿಗೆ ಎತ್ತು ಒಡೆಯನ ಕಣ್ಣಿಯಲ್ಲಿರುತ್ತದೆ. ಮುಂದೆ 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ದೂರದರ್ಶನ ಪ್ರಸಾರ ಕೇಂದ್ರವನ್ನು ಸ್ಥಾಪಿಸಲಾಯಿತು. ಆದರೆ ನೆಲದ ಗೋಪುರದ ಅಲೆಗಳು ಕೆಲವು ಹತ್ತು ಮೈಲಿಗಳಾಚೆ ತಲುಪವು.

ಈ ಅನುಭವದಿಂದ ದೇಶವು ಕಲಿತ ಮೊದಲ ಪಾಠವೆಂದರೆ ಉಪಗ್ರಹ ಸ್ವಂತದ್ದಾಗಿರಬೇಕು ಎಂಬುದು. 1981ರ ಜೂನ್ 19ರಂದು ‘ಆಪಲ್’ ಎಂಬ ಪ್ರಾಯೋಗಿಕ ಸಂಪರ್ಕ ಉಪಗ್ರಹವನ್ನು ಹಾರಿಸಲಾಯಿತು. ಅದನ್ನು ಬೆಂಗಳೂರಿನಲ್ಲಿ ಕಟ್ಟುವಾಗ ಎತ್ತಿನ ಬಂಡಿಯ ಮೇಲಿಟ್ಟು ಪರೀಕ್ಷೆ ಮಾಡಿದ ಚಿತ್ರ ಪ್ರಸಿದ್ಧವಾಗಿದೆ. ಅದು ಬಡತನದ ಗುರುತಲ್ಲ. ಕಬ್ಬಿಣದ ಮೋಟಾರು ವಾಹನದ ಮೇಲಿಟ್ಟರೆ ಲೋಹವು ರೇಡಿಯೋ ಅಲೆಗಳನ್ನು ಕೆಡಿಸುತ್ತಿತ್ತು, ಕಟ್ಟಿಗೆಯ ಬಂಡಿ ಕೆಡಿಸುವುದಿಲ್ಲ.

ಆಮೇಲೆ ಇನ್ಸಾಟ್ ಸರಣಿ ಬಂದಿತು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹವು ಅದೇ ಸೆಪ್ಟೆಂಬರ್‌ನಲ್ಲಿ ನಿಯಂತ್ರಣದ ಇಂಧನ ಬರಿದಾಗಿ ನಿಷ್ಫಲವಾಯಿತು. 1983ರ ಆಗಸ್ಟ್ 30ರಂದು ಹಾರಿದ ಇನ್ಸಾಟ್-1ಬಿ ಉಪಗ್ರಹದ ಸೌರಫಲಕ ಮೊದಲಿಗೆ ಬಿಚ್ಚಿಕೊಳ್ಳಲಿಲ್ಲ. ಹಾಸನದ ನಿಯಂತ್ರಣ ಕೇಂದ್ರದಲ್ಲಿ ಹಲವು ದಿನ ಪ್ರಯತ್ನಪಟ್ಟ ಮೇಲೆ ಅದು ಬಿಚ್ಚಿಕೊಂಡು, ಉಪಗ್ರಹ ಕೆಲಸಕ್ಕೆ ಬಂತು. ದೂರವಾಣಿ, ಟೆಲಿವಿಷನ್, ಮೋಡಗಳ ಚಿತ್ರ ಮೂರನ್ನೂ ಅದೊಂದೇ ನಿರ್ವಹಿಸಿತು. 1992ರಲ್ಲಿ ಹಾರಿದ ಇನ್ಸಾಟ್-2ಎ ಭಾರತದಲ್ಲಿಯೇ ಕಟ್ಟಿದ್ದು. ಆಗ ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಉಡುಪಿ ಸಮೀಪದ ಅದಮಾರಿನವರಾದ ಪ್ರೊ. ಯು. ಆರ್. ರಾವ್.

ವ್ಯಾಪಾರಿ ಉಪಗ್ರಹದ ಬಾಡಿಗೆ ಲೆಕ್ಕ

ಈಗ ಸಂಪರ್ಕ ಉಪಗ್ರಹ ಬಹುಮಟ್ಟಿಗೆ ವ್ಯಾಪಾರದ ವಸ್ತುವಾಗಿದೆ. 2022ರ ಜೂನ್ 23ರಂದು ದಕ್ಷಿಣ ಅಮೆರಿಕದ ಕೌರೂ ನೆಲೆಯಿಂದ ಹಾರಿದ ಜಿಸ್ಯಾಟ್-24 ಇದಕ್ಕೆ ಒಳ್ಳೆಯ ಉದಾಹರಣೆ. 4,180 ಕಿಲೋ ತೂಕದ ಈ ಉಪಗ್ರಹವನ್ನು ಸರ್ಕಾರಿ ಕಂಪನಿಯಾದ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ ಬೇಡಿಕೆಯ ಆಧಾರದ ಮೇಲೆ ಮಾಡಿಸಿತು. ಅದರ 24 ಟ್ರಾನ್ಸ್‌ಪಾಂಡರುಗಳನ್ನೂ ಒಂದೇ ಖಾಸಗಿ ಟೆಲಿವಿಷನ್ ಸಂಸ್ಥೆ ಬಾಡಿಗೆಗೆ ಪಡೆಯಿತು. 2024ರ ನವೆಂಬರ್‌ನಲ್ಲಿ ಅಮೆರಿಕದಿಂದ ಹಾರಿಸಿದ 4,700 ಕಿಲೋ ತೂಕದ ಜಿಸ್ಯಾಟ್-ಎನ್2 ಅಂತರಜಾಲ ಸಂಪರ್ಕಕ್ಕಾಗಿ ಮಾಡಿದ ವ್ಯಾಪಾರಿ ಉಪಗ್ರಹ.

ಮುಯ್ಯಿಗೆ ಬಂದ ಎತ್ತಿಗೂ ಬಾಡಿಗೆಗೆ ತಂದ ಟ್ರ್ಯಾಕ್ಟರಿಗೂ ಇರುವ ವ್ಯತ್ಯಾಸ ಇಲ್ಲಿದೆ. ವ್ಯಾಪಾರಿ ಉಪಗ್ರಹದಲ್ಲಿ ಬಾಡಿಗೆ ಕೊಟ್ಟವರ ಕಾರ್ಯಕ್ರಮ ಬರುತ್ತದೆ. ಹಿಂಗಾರಿ ಜೋಳದ ಮಾತು ಬರಬೇಕಾದರೆ ಅದಕ್ಕೂ ಯಾರಾದರೂ ಹಣ ಕೊಡಬೇಕು. ಸರ್ಕಾರಿ ಪ್ರಸಾರ ಸಂಸ್ಥೆ ಈ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತಿದೆ. 2004ರ ಡಿಸೆಂಬರ್‌ನಲ್ಲಿ ಆರಂಭವಾಗಿ ಈಗ ಡಿಡಿ ಫ್ರೀ ಡಿಶ್ ಎಂದು ಕರೆಯಲಾಗುವ ಸೇವೆಯಲ್ಲಿ ತಿಂಗಳ ಬಾಡಿಗೆ ಇಲ್ಲ, ತಟ್ಟೆ ಮತ್ತು ಪೆಟ್ಟಿಗೆಯ ಖರ್ಚು ಮಾತ್ರ. ಚಂದನ ವಾಹಿನಿಯೂ, 2015ರ ಮೇ 26ರಂದು ಶುರುವಾದ ಕಿಸಾನ್ ವಾಹಿನಿಯೂ ಇದರಲ್ಲಿ ಸಿಗುತ್ತವೆ. ತಿಂಗಳ ಹಣ ಕಟ್ಟಲಾಗದೆ ಪೆಟ್ಟಿಗೆ ಮುಚ್ಚಿಟ್ಟಿರುವ ಕುಟುಂಬಗಳು ಇದನ್ನು ವಿಚಾರಿಸಬಹುದು.

ತಟ್ಟೆ ಕೂಡಿಸುವಾಗ ಗಮನಿಸಬೇಕಾದದ್ದು

1. ದಿಕ್ಕು: ಡಿಡಿ ಫ್ರೀ ಡಿಶ್ ಸೇವೆಯ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಬಾಗಲಕೋಟೆ ಸೀಮೆಯಿಂದ ಅದು ಆಗ್ನೇಯಕ್ಕೆ, ಅಂದರೆ ಬಡಗಲಿನಿಂದ ಬಲಸುತ್ತಿಗೆ ಎಣಿಸಿದರೆ 131 ಡಿಗ್ರಿಗೆ ಇದೆ. ನೆಲದ ಸಮಕ್ಕೆ ಸೊನ್ನೆ, ನೆತ್ತಿಗೆ 90 ಎಂದಿಟ್ಟುಕೊಂಡರೆ ಎತ್ತರ 62 ಡಿಗ್ರಿ.

2. ಓರೆ: ಸಣ್ಣ ತಟ್ಟೆಗಳಲ್ಲಿ ಅಲೆ ಹಿಡಿಯುವ ಕೊಂಬು ನಡುವೆ ಇರದೆ ಕೆಳಗಡೆ ಚಾಚಿರುತ್ತದೆ. ಆದ್ದರಿಂದ ತಟ್ಟೆ ತುಸು ನೆಟ್ಟಗೆ ನಿಂತಂತೆ ಕಂಡರೂ ಅದು ನೋಡುವುದು ತನ್ನ ಮುಖದ ನೇರಕ್ಕಿಂತ ಸುಮಾರು 25 ಡಿಗ್ರಿ ಮೇಲಕ್ಕೆ.

3. ಬಿಗಿ: ತಟ್ಟೆ ಒಂದೆರಡು ಡಿಗ್ರಿ ಸರಿದರೂ ಚಿತ್ರ ಹೋಗುತ್ತದೆ. ಮಣ್ಣಿನ ಮಾಳಿಗೆಯಲ್ಲಿ ಕಂಬವನ್ನು ಸುಮ್ಮನೆ ಹುಗಿದರೆ ಮುಂಗಾರಿನ ಗಾಳಿಗೆ ಅಲುಗುತ್ತದೆ, ಸೋರಿಕೆಗೂ ದಾರಿಯಾಗುತ್ತದೆ. ಗೋಡೆಗೆ ಅಥವಾ ನೆಲದ ಮೇಲಿನ ಕಾಂಕ್ರೀಟ್ ಗುಣಿಯಲ್ಲಿ ಕಂಬ ನಿಲ್ಲಿಸುವುದು ಮೇಲು. ಕಂಬವು ತೂಕದಾರಕ್ಕೆ ಸರಿಯಾಗಿ ನೆಟ್ಟಗಿರಬೇಕು.

4. ಮರ: ತಟ್ಟೆಯ ಮುಂದಿನ ಬೇವು ಇಂದು ಚಿಕ್ಕದಿದ್ದರೂ ಮೂರು ವರ್ಷಕ್ಕೆ ಅಡ್ಡ ಬರಬಹುದು. ಇದನ್ನು ತಿಳಿಯಲು ಒಂದು ಸುಲಭ ಉಪಾಯವಿದೆ. ವರ್ಷಕ್ಕೆ ಎರಡು ಸಲ ಸೂರ್ಯನು ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ. ಈ ಉಪಗ್ರಹದ ಮಟ್ಟಿಗೆ ಬಾಗಲಕೋಟೆಯಲ್ಲಿ ಮಾರ್ಚ್ 13ರ ಸುಮಾರಿಗೆ ಬೆಳಗ್ಗೆ 11 ಗಂಟೆ 15 ನಿಮಿಷದ ಹೊತ್ತಿಗೆ, ಮತ್ತು ಹಸ್ತ ಮಳೆ ಹೂಡಿದ ಮೂರ್ನಾಲ್ಕು ದಿನಕ್ಕೆ, ಅಂದರೆ ಸೆಪ್ಟೆಂಬರ್ 30ರ ಸುಮಾರಿಗೆ, 10 ಗಂಟೆ 55 ನಿಮಿಷದ ಹೊತ್ತಿಗೆ ಹೀಗಾಗುತ್ತದೆ. ಆ ಹೊತ್ತಿನಲ್ಲಿ ತಟ್ಟೆಯ ಮೇಲೆ ಮರದ ನೆರಳು ಬಿದ್ದರೆ ಆ ಮರ ಉಪಗ್ರಹಕ್ಕೆ ಅಡ್ಡ ಇದೆ ಎಂದೇ ಅರ್ಥ. ಆ ದಿನಗಳಲ್ಲಿ ಸೂರ್ಯನ ಪ್ರಖರತೆಯಿಂದ ಕೆಲವು ನಿಮಿಷ ಚಿತ್ರ ಕೆಡುವುದುಂಟು. ಅದಕ್ಕೆ ರಿಪೇರಿಯವರನ್ನು ಕರೆಸಿ ಹಣ ಕೊಡುವ ಅಗತ್ಯವಿಲ್ಲ, ತಾನಾಗಿ ಸರಿಹೋಗುತ್ತದೆ.

ಮಳೆ ಬಂದಾಗ ಚಿತ್ರ ನಿಲ್ಲುವುದೇಕೆ?

ಇದು ರೈತರು ಹೆಚ್ಚಾಗಿ ಕೇಳುವ ಪ್ರಶ್ನೆ. 1975ರ ಅಲೆಯ ಉದ್ದ 35 ಸೆಂ.ಮೀ. ಇದ್ದರೆ ಇಂದಿನ ಮನೆ ತಟ್ಟೆಗೆ ಬರುವ ಅಲೆಯ ಉದ್ದ ಎರಡೂವರೆ ಸೆಂ.ಮೀ. ಆಸುಪಾಸು. ಅಲೆ ಗಿಡ್ಡದಾದ್ದರಿಂದಲೂ, ಉಪಗ್ರಹದ ಕಿರಣಗಳನ್ನು ದೇಶದ ಮೇಲೆ ಒತ್ತಟ್ಟಿಗೆ ಬೀಳುವಂತೆ ಮಾಡಿರುವುದರಿಂದಲೂ 3 ಮೀಟರ್ ಬಲೆಯ ಬದಲು 60 ಸೆಂ.ಮೀ. ತಟ್ಟೆ ಸಾಕಾಗಿದೆ. ಆದರೆ ಈ ಅನುಕೂಲಕ್ಕೆ ಒಂದು ಬೆಲೆಯುಂಟು. ಅಲೆ ಗಿಡ್ಡದಾದಂತೆಲ್ಲ ಕೆಲವು ಮಿಲಿಮೀಟರ್ ದಪ್ಪದ ಮಳೆಹನಿಗಳು ಅದನ್ನು ಹೆಚ್ಚು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಜಿಟಿಜಿಟಿ ಮಳೆಗೆ ಏನೂ ಆಗುವುದಿಲ್ಲ. ದಪ್ಪ ಹನಿಯ ಅಡ್ಡಮಳೆಗೆ ಚಿತ್ರ ಒಡೆದು ನಿಂತುಹೋಗುತ್ತದೆ. ಕೆಲವೊಮ್ಮೆ ಊರಲ್ಲಿ ಹನಿ ಬೀಳದಿದ್ದರೂ ಆಗ್ನೇಯದ ಕಡೆ ಮಳೆ ಸುರಿಯುತ್ತಿದ್ದರೆ ಚಿತ್ರ ಹೋಗಬಹುದು, ಏಕೆಂದರೆ ಅಲೆಯ ದಾರಿ ಆ ಕಡೆಯಿಂದಲೇ ಬರುತ್ತದೆ.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಒಂದು, ಸಿಡಿಲು ಗುಡುಗಿನ ಹೊತ್ತಿನಲ್ಲಿ ಚಿತ್ರ ಹೋಯಿತೆಂದು ಮಾಳಿಗೆ ಹತ್ತಿ ತಟ್ಟೆ ತಿರುಗಿಸಲು ಹೋಗಬಾರದು. ತಟ್ಟೆಯಲ್ಲಿ ದೋಷವಿಲ್ಲ, ಮಳೆ ನಿಂತ ಮೇಲೆ ಚಿತ್ರ ತಾನೇ ಬರುತ್ತದೆ. ಕಬ್ಬಿಣದ ಕಂಬ ಹಿಡಿದು ಎತ್ತರದಲ್ಲಿ ನಿಂತವನಿಗೆ ಸಿಡಿಲಿನ ಅಪಾಯ ಮಾತ್ರ ನಿಜ. ಎರಡು, ಮಳೆಯ ಸುದ್ದಿ ಅತ್ಯಗತ್ಯವಾದ ಹೊತ್ತಿನಲ್ಲಿಯೇ ಉಪಗ್ರಹದ ಟೆಲಿವಿಷನ್ ಕೈಕೊಡುತ್ತದೆ. ಆದ್ದರಿಂದ ಮುನ್ಸೂಚನೆಯನ್ನು ಮೋಡ ಕಟ್ಟುವುದಕ್ಕೆ ಮೊದಲೇ ಕೇಳಿಕೊಳ್ಳಬೇಕು. ಮನೆಯಲ್ಲಿ ಒಂದು ಬ್ಯಾಟರಿ ರೇಡಿಯೋ ಇದ್ದರೆ ಧಾರವಾಡ ಆಕಾಶವಾಣಿಯ ಅಲೆಗಳನ್ನು ಮಳೆಹನಿ ತಡೆಯದು.

ಮೋಡದ ಚಿತ್ರ ಮತ್ತು ಹೊಲದ ಹಸಿ

ಭೂಸ್ಥಿರ ಉಪಗ್ರಹಗಳ ಇನ್ನೊಂದು ಬಳಗ ಹವಾಮಾನದ್ದು. 2016ರಲ್ಲಿ ಹಾರಿದ ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ ಈ ಬಳಗದವು. ಒಂದೇ ಕಡೆ ನಿಂತು ನೋಡುವುದರಿಂದ ಇವು ಅದೇ ಮೋಡವನ್ನು ದಿನವಿಡೀ ಮತ್ತೆ ಮತ್ತೆ ಚಿತ್ರಿಸಬಲ್ಲವು. ಮೋಡ ಯಾವ ಕಡೆ ಸರಿಯುತ್ತಿದೆ, ಬೆಳೆಯುತ್ತಿದೆಯೋ ಕರಗುತ್ತಿದೆಯೋ ಎಂಬುದು ಇದರಿಂದ ತಿಳಿಯುತ್ತದೆ. ಇದನ್ನೂ ಇತರ ಅಳತೆಗಳನ್ನೂ ಸೇರಿಸಿ ಹವಾಮಾನ ಇಲಾಖೆ ಮುನ್ಸೂಚನೆ ಕೊಡುತ್ತದೆ. ಅದರ ಆಧಾರದ ಮೇಲೆ ಕೃಷಿ ಸಲಹೆಗಳು ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತವೆ. 2019ರಲ್ಲಿ ಬಂದ ‘ಮೇಘದೂತ್’ ಎಂಬ ಮೊಬೈಲ್ ಸೌಲಭ್ಯದಲ್ಲಿಯೂ ಇವು ಸಿಗುತ್ತವೆ.

ಈ ಸೂಚನೆಗೆ ಹಣದ ಬೆಲೆ ಇದೆ. ದಾಳಿಂಬೆಗೆ ದುಂಡಾಣು ಅಂಗಮಾರಿಯ ಔಷಧಿ ಸಿಂಪಡಿಸಿದ ಸಂಜೆಯೇ ಮಳೆ ಹೊಡೆದರೆ ಔಷಧಿಯೂ ಆಳಿನ ಕೂಲಿಯೂ ನೆಲದ ಪಾಲು. ಕಿತ್ತು ಹೊಲದಲ್ಲಿ ಒಣಗಲು ಬಿಟ್ಟ ಉಳ್ಳಾಗಡ್ಡಿ ಒಂದು ರಾತ್ರಿಯ ಮಳೆಗೆ ಕೊಳೆಯಲಾರಂಭಿಸುತ್ತದೆ. ಎರಡು ದಿನ ಮೊದಲು ತಿಳಿದರೆ ಇವೆರಡನ್ನೂ ತಪ್ಪಿಸಬಹುದು.

ಆದರೆ ಉಪಗ್ರಹಕ್ಕೆ ಕಾಣದ ಸಂಗತಿಗಳೂ ಇವೆ. ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆಯಾಗುವ ಈ ಸೀಮೆಯಲ್ಲಿ ಒಂದು ಊರಿಗೆ ಬಿದ್ದ ಮಳೆ ಪಕ್ಕದ ಊರಿಗೆ ಬೀಳುವುದಿಲ್ಲ. ಬಿದ್ದರೂ ಎಲ್ಲ ನೆಲ ಒಂದೇ ರೀತಿ ಹಸಿ ಹಿಡಿಯುವುದಿಲ್ಲ. ಟೆಲಿವಿಷನ್ನಿನಲ್ಲಿ ‘ಹಿಂಗಾರಿ ಜೋಳ ಬಿತ್ತಲು ಈಗ ಹದವಾಗಿದೆ’ ಎಂಬ ಸಲಹೆ ಬಂತೆಂದು ಭಾವಿಸೋಣ. ಹುನಗುಂದದ ಆಳವಾದ ಎರಿ ಹೊಲದಲ್ಲಿ, ಮಳೆಗಾಲದಲ್ಲಿ ಚೌಕು ಮಡಿ ಮಾಡಿ ನೀರು ಇಂಗಿಸಿದ ರೈತನಿಗೆ ಆ ಮಾತು ಸರಿ. ಅವನು ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ಮೊದಲ ಪಕ್ಷದೊಳಗೆ ಎಂ. 35-1 ಬಿತ್ತಿದರೆ ಮುಂದೆ ಮಳೆ ಬಾರದಿದ್ದರೂ ನೆಲದೊಳಗಿನ ಹಸಿಯ ಮೇಲೆಯೇ ಬೆಳೆ ತೆಗೆಯಬಹುದು. ಅದೇ ಮಾತು ಕೇಳಿ ಬಾದಾಮಿ ಕಡೆಯ ಗುಡ್ಡದ ಸೆರಗಿನಲ್ಲಿ ತೆಳುವಾದ ಮಸಾರಿ ಹೊಲದವನು ಅಕ್ಟೋಬರಿನಲ್ಲಿ ಕೂರಿಗೆ ಹೂಡಿದರೆ ತೆನೆ ಹಾಯುವ ಮೊದಲೇ ಹಸಿ ಆರುತ್ತದೆ. ಬೀಜ, ಗೊಬ್ಬರ, ದುಡಿಮೆ ಮೂರೂ ಹೋಗುತ್ತವೆ. ಸಲಹೆ ಸುಳ್ಳಲ್ಲ, ಅದು ಬೇರೆ ಹೊಲದ್ದು.

ಆದ್ದರಿಂದ ಆಕಾಶದ ಮಾತನ್ನು ನೆಲದಲ್ಲಿ ಪರೀಕ್ಷಿಸಬೇಕು. ಹೊಲದ ಮೂರು ನಾಲ್ಕು ಕಡೆ ಗುದ್ದಲಿಯಿಂದ ಅಗೆದು ಹಸಿ ಎಷ್ಟು ಆಳಕ್ಕೆ ಇಳಿದಿದೆ, ಕೆಳಗೆ ಗರಸು ಎಷ್ಟರಲ್ಲಿ ಸಿಗುತ್ತದೆ ಎಂದು ನೋಡಬೇಕು. ಊರಿಗೊಂದು ಮಳೆಮಾಪಕದ ಲೆಕ್ಕ ಬರೆದಿಡಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು. ಅದು ಹರಿದು ಹೋಯಿತೋ, ಒಡ್ಡಿನೊಳಗೆ ನಿಂತು ಇಂಗಿತೋ ಎಂಬುದನ್ನು ಯಾವ ಉಪಗ್ರಹವೂ ರೈತನ ಪರವಾಗಿ ನೋಡಿಕೊಳ್ಳುವುದಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ

1975ರ ಪ್ರಯೋಗ ಕಲಿಸುವ ಎರಡನೆಯ ಪಾಠ ವಿಸ್ತರಣಾ ಕಾರ್ಯಕರ್ತರಿಗೆ ಸಂಬಂಧಿಸಿದ್ದು. ಎಷ್ಟೋ ಹಳ್ಳಿಗಳಿಗೆ ಒಟ್ಟಿಗೆ ಹೇಳುವ ಮಾತು ಯಾರೊಬ್ಬರ ಹೊಲಕ್ಕೂ ಪೂರ್ತಿ ಹೊಂದುವುದಿಲ್ಲ. ಅದೇ ವರ್ಷ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಒಂದು ಸಣ್ಣ ನೆಲದ ಪ್ರಸಾರ ಕೇಂದ್ರದಿಂದ ಆ ಜಿಲ್ಲೆಯದೇ ಮಾತಿನಲ್ಲಿ, ಅಲ್ಲಿನದೇ ಸಮಸ್ಯೆಗಳ ಮೇಲೆ ಕಾರ್ಯಕ್ರಮಗಳನ್ನು ಕೊಡಲಾರಂಭಿಸಿದರು. ಆ ಕೆಲಸ 1984ರಲ್ಲಿ ಯುನೆಸ್ಕೊ ಪ್ರಶಸ್ತಿಯನ್ನು ಪಡೆಯಿತು. ದೂರಕ್ಕೆ ಮುಟ್ಟುವುದು ಉಪಗ್ರಹದ ಶಕ್ತಿ. ಹತ್ತಿರದಿಂದ ಮಾತಾಡುವುದು ಊರಿನವರ ಶಕ್ತಿ. ಎರಡೂ ಕೂಡಬೇಕು.

ಉಪಗ್ರಹ ಹೇಳಬಲ್ಲದು, ಕೇಳಿಸಿಕೊಳ್ಳುವ ವ್ಯವಸ್ಥೆಯನ್ನು ಬೇರೆಯೇ ಮಾಡಬೇಕು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಸ್ಯಾಟ್‌ಕಾಂ ಕೇಂದ್ರದಿಂದ ತಾಲ್ಲೂಕುಗಳಿಗೆ ನಡೆಸಿದ ತರಬೇತಿಗಳಲ್ಲಿ ಚಿತ್ರ ಮತ್ತು ಮಾತು ಉಪಗ್ರಹದ ಮೂಲಕ ಬಂದರೆ, ಸೇರಿದವರು ದೂರವಾಣಿಯಲ್ಲಿ ಪ್ರಶ್ನೆ ಕೇಳುತ್ತಿದ್ದರು. ಪ್ರಶ್ನೆಗೆ ದಾರಿ ಇದ್ದಲ್ಲಿ ಪಾಠ ನಿಲ್ಲುತ್ತದೆ.

ಮೊದಲು ಊರಿಗೊಂದು ಪೆಟ್ಟಿಗೆ ಇದ್ದಾಗ ನೋಡಿದವರು ಅಲ್ಲೇ ಕೂತು ವಾದ ಮಾಡುತ್ತಿದ್ದರು. ‘ಇದು ನಮ್ಮ ಎರಿಗೆ ಆಗೂದಿಲ್ಲಪಾ’ ಎಂದು ಒಬ್ಬ ಅಂದರೆ ಇನ್ನೊಬ್ಬ ಕಾರಣ ಕೇಳುವುದು ಅಲ್ಲಿ ಸಹಜ. ಈಗ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ, ತಮ್ಮ ಮೊಬೈಲಿನಲ್ಲಿ ಒಬ್ಬರೇ ನೋಡುತ್ತಾರೆ. ಆ ಮಾತುಕತೆಯನ್ನು ಮತ್ತೆ ಹುಟ್ಟಿಸುವುದು ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಯ ಕೆಲಸ. ಅದಕ್ಕಾಗಿ ಈ ಕ್ರಮ ಅನುಸರಿಸಬಹುದು:

ಅ) ವಾರದ ಹವಾಮಾನ ಸಲಹೆಯನ್ನು ಪಂಚಾಯಿತಿ ಮತ್ತು ಸಹಕಾರಿ ಸಂಘದ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವುದು.

ಆ) ಎರಿ ಹೊಲಕ್ಕೆ ಏನು, ಮಸಾರಿ ಹೊಲಕ್ಕೆ ಏನು, ನೀರಾವರಿ ತೋಟಕ್ಕೆ ಏನು ಎಂದು ಬೇರೆ ಬೇರೆಯಾಗಿ ವಿಂಗಡಿಸಿ ಹೇಳುವುದು.

ಇ) ಓದು ಬಾರದವರಿಗೆ, ಅದರಲ್ಲೂ ಹೊಲದ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ, ಸಂಜೆ ಓದಿ ಹೇಳುವ ಏರ್ಪಾಡು ಮಾಡುವುದು.

ಈ) ರೈತರ ಪ್ರಶ್ನೆಗಳನ್ನು ಬರೆದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸಿ, ಉತ್ತರವನ್ನು ಅದೇ ರೈತನಿಗೆ ತಪ್ಪದೆ ಮುಟ್ಟಿಸುವುದು.

ಉ) ಮುನ್ಸೂಚನೆ ತಪ್ಪಿದಾಗ ಅದನ್ನು ಮುಚ್ಚಿಡದೆ ಹೇಳುವುದು. ಒಮ್ಮೆ ಮುಚ್ಚಿಟ್ಟರೆ ಮುಂದೆ ನಿಜ ಹೇಳಿದರೂ ರೈತ ನಂಬುವುದಿಲ್ಲ.

ನೆನಪಿಡಬೇಕಾದ ಅಂಶಗಳು

* ಭೂಸ್ಥಿರ ಉಪಗ್ರಹ ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಗೇ ತಿರುಗುತ್ತದೆ. ಆದ್ದರಿಂದ ತಟ್ಟೆಯನ್ನು ಒಮ್ಮೆ ಸರಿಯಾಗಿ ಕೂಡಿಸಿದರೆ ಸಾಕು.

* ಬಿರುಮಳೆಗೆ ಚಿತ್ರ ನಿಲ್ಲುವುದು ಸಹಜ. ಗುಡುಗು ಮಿಂಚಿನಲ್ಲಿ ಮಾಳಿಗೆ ಹತ್ತಬಾರದು.

* ಹವಾಮಾನ ಸೂಚನೆಯನ್ನು ಮಳೆಗೆ ಮೊದಲೇ ಕೇಳಿ ಸಿಂಪರಣೆ, ಕೊಯ್ಲು, ಒಣಗಿಸುವಿಕೆಯನ್ನು ಹೊಂದಿಸಿಕೊಳ್ಳಬೇಕು.

* ಬಿತ್ತನೆಯ ಸಲಹೆಯನ್ನು ತನ್ನ ಹೊಲದ ಮಣ್ಣು, ಅದರ ಆಳ ಮತ್ತು ಹಸಿ ನೋಡಿಯೇ ಅನುಸರಿಸಬೇಕು.

1976ರ ಜುಲೈ 31ರಂದು ಬಿಜಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಉಪಗ್ರಹದ ಪೆಟ್ಟಿಗೆಗಳು ಸುಮ್ಮನಾದವು. ಮರುದಿನವೂ ಹೊಲದ ಕೆಲಸ ಇದ್ದೇ ಇತ್ತು. ಆ ಒಂದು ವರ್ಷದಲ್ಲಿ ಕಲಿತದ್ದನ್ನು ಹೊಲದಲ್ಲಿ ಮಾಡಿ ನೋಡಿದವನಿಗೆ ಮಾತ್ರ ಅದು ಉಳಿಯಿತು. ಇಂದು ಆಕಾಶದಲ್ಲಿ ಉಪಗ್ರಹಗಳು ಬಹಳ ಇವೆ, ಮಾತೂ ಬಹಳ ಬರುತ್ತಿದೆ. ಅದರಲ್ಲಿ ತನ್ನ ಹೊಲಕ್ಕೆ ಬೇಕಾದದ್ದನ್ನು ಆರಿಸಿ, ಅಗೆದು ನೋಡಿ, ಹದವರಿತು ಬಿತ್ತುವವನೇ ಅದರ ಪೂರ್ಣ ಲಾಭ ಪಡೆಯುತ್ತಾನೆ.